ಕಂಟ್ರೋಲ್

ಸಾಗರ ರಸ್ತೆಯ ಈ ಮೂರನೇ ಮಹಡಿಯಲ್ಲಿ
ಬೆಳಗಿನ ಮೊದಲ ಕೆಲಸ ಜೆಲ್ ಕಾಯಿಸುವುದು.
ಬೆಲ್ಲ ಹಾಕದ ಹಾಲುಬಾಯಿ, ಅನ್ನುತ್ತಾರೆ ರೆಬೆಕ್ಕಾ ಮೇಡಂ.
ತಟ್ಟೆಗೆ ಸುರಿದು, ಬಾಚಣಿಗೆ ನಿಲ್ಲಿಸಿ,
ಹೆಪ್ಪಾಗಲು ಬಿಟ್ಟು ಚಹಾಕ್ಕೆ ಹೋಗುತ್ತಾರೆ.

ಒಬ್ಬೊಬ್ಬರ ರಕ್ತಕ್ಕೆ ಎರಡೆರಡು ಟ್ಯೂಬು.
ಒಂದರಲ್ಲಿ ಸರಿಯಕ್ಷರ ಹುಡುಕುವ ಪ್ರೈಮರ್,
ಇನ್ನೊಂದರಲ್ಲಿ ತಪ್ಪಕ್ಷರವನ್ನೇ ಹುಡುಕುವುದು.
ಇಪ್ಪತ್ತು ಚಿಲ್ಲರೆ ಅಕ್ಷರದ ತುಣುಕು;
ಉಳಿದದ್ದೆಲ್ಲ ಹೊಂದಿ ಕೊನೆಯದೊಂದು ಹೊಂದದಿದ್ದರೆ
ನಕಲು ಹೊರಡುವುದೇ ಇಲ್ಲ.
ನಮ್ಮ ಹಳೆಯ ಪದ್ಯಗಳ ಪ್ರಾಸ ಎರಡನೇ ಅಕ್ಷರದಲ್ಲಿ,
ಇದರದ್ದು ಕಟ್ಟಕಡೆಯದರಲ್ಲಿ.

ಯಂತ್ರ ಕಾಯುತ್ತದೆ, ಆರುತ್ತದೆ, ಮೂವತ್ತು ಸಲ.
ನಾವೂ ಕಾಯುತ್ತೇವೆ.
ನಡುವೆ ಕರೆಂಟು ಹೋದರೆ ಯುಪಿಎಸ್ ಇದೆ,
ಕೀಚಲು ದನಿಯಲ್ಲಿ ಹರಸುತ್ತದೆ.

ಆವತ್ತು ಬಂದದ್ದು ಹೊಸನಗರದ ದಂಪತಿಯ ರಕ್ತ,
ಹೆಂಡತಿಗೆ ಹತ್ತನೇ ವಾರ.
ಹೋಲಿಸಿ ನೋಡುವ ನಾರ್ಮಲ್ ಡಿಎನ್‌ಎ ಮುಗಿದಿತ್ತು.
ಯಾರಾದರೂ ನಿರೋಗಿ ಕೊಡಿ, ಅಂದರು ಮೇಡಂ.
ನಾನು ತೋಳು ಮಡಚಿದೆ.

ಸಂಜೆ ನೇರಳೆ ಬೆಳಕಿನ ಪೆಟ್ಟಿಗೆಯೊಳಗೆ
ಗೆರೆಗಳು ಎದ್ದವು.
ಗಂಡನಿಗೆ ಇತ್ತು. ಹೆಂಡತಿಗೆ ಇರಲಿಲ್ಲ.
ಅವರ ಪಕ್ಕ, ಖಾಲಿ ಇರಬೇಕಾದಲ್ಲಿ,
ನನ್ನದು.

ಪಿಪೆಟ್ಟಿನ ತುದಿ ಬದಲಿಸಲಿಲ್ಲವೇನೋ.
ಬದಲಿಸಿದ್ದೆ.
ವಾಚ್‌ಮನ್ ಫಕೀರಪ್ಪನನ್ನು ಮೇಲೆ ಕರೆದು,
ಅವನ ರಕ್ತ ತೆಗೆದು, ಎಲ್ಲ ಮೊದಲಿನಿಂದ.
ಬರೀ ನೀರಿನ ಟ್ಯೂಬು ಖಾಲಿ. ಫಕೀರಪ್ಪ ಖಾಲಿ.
ನಾನು ಮತ್ತೆ ಅಲ್ಲೇ.
ರಿಜಿಸ್ಟರಿನಲ್ಲಿ ಮೇಡಂ ಪೆನ್ಸಿಲಿನಿಂದ ಬರೆದರು:
ಕಂಟ್ರೋಲ್ ಬದಲಿಸಿದೆ.

ಜಿ ಇರಬೇಕಾದಲ್ಲಿ ಒಂದು ಸಿ.
ಒಂದೇ ಪ್ರತಿಯಲ್ಲಿ; ಅದರಿಂದ ನನಗೇನೂ ಆಗದು,
ಮೆಟ್ಟಿಲು ಹತ್ತಿದರೆ ಸ್ವಲ್ಪ ಸುಸ್ತು.
ಎರಡೂ ಪ್ರತಿ ಸಿಕ್ಕವನು ನನ್ನ ತಮ್ಮ ಇರಬೇಕು,
ಭದ್ರಾವತಿಯ ಕ್ವಾರ್ಟರ್ಸಿನಲ್ಲಿ, ಎಂಟು ತಿಂಗಳಿಗೇ
ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿದವನು.
ಹೊಟ್ಟೆಯೊಂದು ಬೆಳೆಯುತ್ತಿತ್ತು.
ಅಜ್ಜಿ ಬಂದವರಿಗೆಲ್ಲ ಹೇಳುವಳು,
ಇವಳ ಹಾಲೇ ಹಾಳು.

ನಾನಾಗ ಒಂದನೇ ಕ್ಲಾಸು.
ಲ, ಳ ಎರಡನ್ನೂ ಸ್ಲೇಟಿನ ಮೇಲೆ ಬರೆದು
ಅಮ್ಮನಿಗೆ ತೋರಿಸಿದ್ದೆ.
ಅವಳು ಸೆರಗಿನಿಂದ ಒರೆಸಿಬಿಟ್ಟಳು, ಎರಡನ್ನೂ.

ಅಮ್ಮ ಈಗ ಶಿಕಾರಿಪುರದ ಹಾಸ್ಟೆಲಿನಲ್ಲಿ
ಎಂಬತ್ತು ಹುಡುಗಿಯರಿಗೆ ಅಡುಗೆ ಮಾಡುತ್ತಾಳೆ.
ಫೋನಿನಲ್ಲಿ ಹೇಳಿದೆ, ಹೇಗೆ ಹೇಳಬೇಕೋ ತಿಳಿಯದೆ,
ಅಪ್ಪನ ಕಡೆಯಿಂದ ಒಂದು, ನಿನ್ನಿಂದ ಒಂದು,
ಸಾಸಿವೆಗಿಂತ ಸಣ್ಣದು, ಕಣ್ಣಿಗೆ ಕಾಣದ್ದು,
ಹಾಲಲ್ಲಮ್ಮ, ಹಾಲಲ್ಲ.

ಆಚೆ ಸೌಟಿನ ಸದ್ದು ನಿಂತಿತು.
ತುಂಬಾ ಹೊತ್ತು.

ಆ ಗೆರೆಯ ಫೋಟೋ ಇದೆಯೇನೇ?
ಇದೆ.
ಪ್ರಿಂಟು ಹಾಕಿಸು, ದೊಡ್ಡದು.
ನಿಮ್ಮಜ್ಜಿ ಫೋಟೋದ ಪಕ್ಕ
ಒಂದು ಮೊಳೆ ಖಾಲಿಯಿದೆ.