ಹಗ್ಗ ಹಿಡಿದವಳು

ಸಿಬ್ರಾನನ ಹೋಟೆಲಿಗೆ ನಕ್ಷತ್ರ ಬಂತಂತೆ.
ಬ್ರೆಡ್ಡಿನಂಗಡಿಯಲ್ಲಿ ಯಾರೋ ಚಿಲ್ಲರೆ ಎಣಿಸುತ್ತ ಅಂದರು.
ಯಾವ ನಕ್ಷತ್ರ, ಎಲ್ಲಿಂದ, ನಾನು ಕೇಳಲಿಲ್ಲ.
ಸಾವಿನ ಕರಾವಳಿ ಎಂದೇ ಹೆಸರಾದ ಈ ದಂಡೆಯಲ್ಲಿ
ಮೇಲಿಂದ ಬಿದ್ದದ್ದನ್ನೆಲ್ಲ ಕಡಲು ನುಂಗುತ್ತದೆ.

ನನ್ನ ಕೆಲಸ ಹಗ್ಗ ಹಿಡಿಯುವುದು.
ಕೆಳಗೆ ಬಂಡೆಯ ಬಿರುಕಿನಲ್ಲಿ ನಾದಿನಿ ಎರುಂಡಿನಾ.
ಒಂದು ತುದಿ ಅವಳ ಸೊಂಟಕ್ಕೆ, ಇನ್ನೊಂದು ನನ್ನದಕ್ಕೆ.
ಅವಳ ಕೈಯಲ್ಲಿ ಚಪ್ಪಟೆ ಉಳಿ,
ನನ್ನ ಕೈಯಲ್ಲಿ ಅವಳು.
ಇಪ್ಪತ್ತಾರು ವರ್ಷ ನಾವಾಡಿದ ಮಾತಲ್ಲಿ ಮುಕ್ಕಾಲು ಪಾಲು
ಎರಡೇ ಶಬ್ದ: "ಬಂತು!"
ಆಮೇಲೆ, "ಹೋಯ್ತು."

ಅಲೆ ಹಿಂದೆ ಸರಿದರೆ ಸಿಗುವುದು
ಒಂದು ನಮೋ ಮರಿಯಾ ಮುಗಿಯುವಷ್ಟು ಹೊತ್ತು.
ಅಷ್ಟರಲ್ಲಿ ಬುಡಸಮೇತ ಕೀಳಬೇಕು ಪೆರ್ಸೆಬೆ:
ಕರಿ ತೊಗಲಿನ ಕೊರಳು, ತುದಿಗೆ ಉಗುರಿನಂಥ ಚಿಪ್ಪು,
ಯಾವುದೋ ಮುದಿ ಪ್ರಾಣಿಯ ಕಾಲ್ಬೆರಳೇ ಸೈ.
ಬಿಸಿಲು ಕಂಡದ್ದು ಗಿಡ್ಡ, ದಪ್ಪ, ದುಬಾರಿ.
ನೆರಳಿನದು ಉದ್ದ, ಸಪೂರ, ಒಳಗೆ ಬರೀ ನೀರು.
ಅದನ್ನು ಮಾರುವುದಿಲ್ಲ. ಮನೆಗೆ.

ಪಾತ್ರೆ ತೊಳೆಯುವ ಬ್ರಾಯಿಸ್ ಆಮೇಲೆ ಹೇಳಿದ ಕತೆ ಇದು.
ಫೆಬ್ರವರಿಯಲ್ಲಿ ನಾಲ್ಕು ದಿನ ಕಡಲು ಬಾಗಿಲು ಹಾಕಿತ್ತಲ್ಲ,
ಸಿಬ್ರಾನ್ ನಮ್ಮ ಹೊಸ್ತಿಲಲ್ಲಿ ನಿಂತಿದ್ದ, ಒದ್ದೆ ಟೊಪ್ಪಿ ಹಿಂಡುತ್ತ,
"ಏನಿದ್ದರೂ ಸರಿ, ಒಂದು ಹಿಡಿ."
ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನೆರಳಿನವನ್ನು,
ನಮ್ಮ ರಾತ್ರಿಯೂಟವನ್ನು,
ಎರುಂಡಿನಾ ಕೊಟ್ಟೇಬಿಟ್ಟಳು. ದುಡ್ಡೂ ಬೇಡವೆಂದಳು.
ನಾನು ಎರಡು ದಿನ ಅವಳ ಮುಖ ನೋಡಲಿಲ್ಲ.

ಅವತ್ತೇ ಕಿಟಕಿ ಪಕ್ಕ ಒಬ್ಬನೇ ಕೂತಿದ್ದನಂತೆ ಆ ಗಿರಾಕಿ.
ವೈನ್ ಬೇಡ, ಮಾತಿಲ್ಲ, ಮೂರು ಸಲ ಬಚ್ಚಲಿಗೆ ಹೋದ
(ಅಲ್ಲಿ ಕೂತು ಬರೆದುಕೊಂಡಿರಬೇಕು).
ಅವನ ಸಾಲು ಈಗ ಗಾಜಿನ ಚೌಕಟ್ಟಿನಲ್ಲಿದೆ:
"ಅಲೆಯ ಒಳಗಿನ ಮೌನದ ರುಚಿ."
ಎರುಂಡಿನಾ ಓದಿಸಿಕೊಂಡು ನಕ್ಕಳು, ಕೆಮ್ಮು ಬರುವವರೆಗೆ.
"ಅಲೆಯ ಒಳಗೆ ಮೌನವಂತೆ!
ನಾಳೆ ಅವನ ಸೊಂಟಕ್ಕೆ ಕಟ್ಟಿ ಇಳಿಸೇ."

ನಮ್ಮನ್ನೂ ಕರೆದರು ಸಂಭ್ರಮಕ್ಕೆ.
ಹೋದೆವು, ಸಾವಿನ ಮನೆಗೆ ಹಾಕುವ ಬೂಟು ಹಾಕಿಕೊಂಡು;
ಬೇರೆ ಇಲ್ಲ.
ಅಗಲ ತಟ್ಟೆ. ನಡುವೆ ಕರಿ ಕಲ್ಲುಗಳ ಹಾಸು.
ಅದರ ಮೇಲೆ ಒಂದು ಪೆರ್ಸೆಬೆ. ಒಂದೇ.
ಅವಳು ಅದನ್ನು ಬಿಟ್ಟು ಕಲ್ಲನ್ನೆತ್ತಿ ಮೂಸಿದಳು:
"ಇದೂ ನಮ್ಮ ಬಂಡೆಯ ಕೆಳಗಿನದೇ. ಯಾವಾಗ ಒಯ್ದ?"

ಸಿಬ್ರಾನ್ ಎದ್ದು ನಿಂತ, ಗಂಟಲು ಕಟ್ಟಿತ್ತು ಪಾಪ.
ಅವ್ವನಿಗೆ, ಬ್ಯಾಂಕಿನವರಿಗೆ, ಎಲ್ಲಕ್ಕಿಂತ ಹೆಚ್ಚಾಗಿ
ಎಲ್ಲವನ್ನೂ ಕೊಟ್ಟ ಕಡಲಿಗೆ
ಧನ್ಯವಾದ ಎಂದ.

ಚಪ್ಪಾಳೆ ಹಿಂದಿನ ಮೇಜುಗಳಿಂದ ಎದ್ದಿತು,
ಗೋಡೆಗೆ ತಾಗಿ ಉಬ್ಬಿ ನಮ್ಮ ಕಡೆ ತಿರುಗಿತು.
ನನ್ನ ಬಾಯಿ ನನ್ನನ್ನು ಕೇಳಲಿಲ್ಲ:
"ಬಂತು!"

ಎರುಂಡಿನಾ ತಲೆ ತಗ್ಗಿಸಿ ಮೇಜಿನಂಚು ತಬ್ಬಿ ಹಿಡಿದಳು.
ಒಂದು ಗ್ಲಾಸು ಬಿದ್ದು ಒಡೆಯಿತು.
ಬ್ರಾಯಿಸ್ ಪೊರಕೆ ತಂದ. ಜನ ನೋಡಿದರು, ಆಮೇಲೆ ನೋಡಲಿಲ್ಲ.
"ಹೋಯ್ತು," ಅಂದೆ ಮೆಲ್ಲಗೆ.
"ಗೊತ್ತು," ಅಂದಳು.
ಕೈ ಮಾತ್ರ ಬಿಡಲಿಲ್ಲ.