ಹದಿನೇಳನೇ ಡಬ್ಬ

ಮಲ್ಪೆಗೆ ಚಳಿಗಾಲ ಬರುವುದಿಲ್ಲ, ನಾವೇ ತಯಾರಿಸುತ್ತೇವೆ.
ಅಮೋನಿಯಾ ಓಡಿಸಿ, ಉಪ್ಪುನೀರು ತಿರುಗಿಸಿ,
ಮರದ ಮುಚ್ಚಳದ ಕೆಳಗೆ ಸಾಲಾಗಿ ನಿಂತ ತಗಡಿನ ಡಬ್ಬಗಳಲ್ಲಿ
ಒಂದು ಹಗಲು, ಒಂದು ರಾತ್ರಿ.
ಹೊರಗೆ, ಕೆಡ್ಡಸ ಮುಗಿದು ನಾಲ್ಕನೇ ದಿನ,
ಬೆಳಗಿನ ಜಾವಕ್ಕೆ ಗುಡ್ಡದ ಕಡೆಯಿಂದ ಇಷ್ಟೇ ಇಷ್ಟು ತಣ್ಣನೆ ಗಾಳಿ.
ಏಳು ಗಂಟೆಗೆ ಅದೂ ಬೆವರು.

ಆ ವಾರ ಬಾವಿ ಕೈಕೊಟ್ಟಿತು.
ಕೊಡ ಇಳಿಸಿದರೆ ಕೆಸರು, ಪಂಪಿಗೆ ಕೆಮ್ಮು.
ಧನಿಗಳು ಫೋನಿನಲ್ಲೇ ಬೈದು ಟ್ಯಾಂಕರ್ ತರಿಸಿದರು:
ಕಲ್ಯಾಣಪುರದ ಆಚೆ ಯಾವುದೋ ಕೆರೆಯ ನೀರು,
ತುಸು ಹಸಿರು, ತುಸು ಎಮ್ಮೆಯ ವಾಸನೆ.
ಮೀನಿಗೆ ಹಾಕುವ ಐಸಿಗೆ ಇಷ್ಟು ಸಾಕು, ಅಂದರು.

ರಾತ್ರಿ ಎರಡಕ್ಕೆ ಕರೆಂಟು ಹೋಯಿತು.
ಡೀಸೆಲ್ ತರಲು ಹೋದ ಹುಡುಗ ಬರಲಿಲ್ಲ.
ಯಮನಪ್ಪ ಕತ್ತಲಲ್ಲಿ ಮೊಬೈಲು ಚಾಚಿದ,
"ನೋಡ್ರಿ ಅಣ್ಣಾ, ಇವ ಏನ್ ಮಾಡಾಕತ್ತಾನ."
ಯಾವುದೋ ದೇಶ. ಕೆರೆಗೆ ಕೆರೆಯೇ ಕಲ್ಲಾಗಿದೆ.
ಅದರ ಮೇಲೆ ಸ್ಟೂಲು ಹಾಕಿ ಒಬ್ಬ ಕೂತಿದ್ದಾನೆ,
ಕಾಲ ಬುಡದಲ್ಲಿ ತಟ್ಟೆಯಗಲದ ತೂತು,
ತೂತಿನೊಳಗೆ ಒಂದು ದಾರ.
ಮಾತಿಲ್ಲ, ಹಾಡಿಲ್ಲ. ಹನ್ನೆರಡು ನಿಮಿಷ ನೋಡಿದೆವು.
ಮೀನು ಬರಲೇ ಇಲ್ಲ.
"ಅಲ್ಲ ಮಾರಾಯ," ಅಂದೆ, "ಅವನು ಐಸಿನ ಮೇಲೆ ಮೀನಿಗೆ ಹೋಗುತ್ತಾನೆ,
ನಮ್ಮಲ್ಲಿ ಐಸೇ ಮೀನಿಗೆ ಹೋಗುವುದು."
ಯಮನಪ್ಪ ನಗಲಿಲ್ಲ. ಅವನಿಗೆ ಆ ದಾರದ ಚಿಂತೆ.

ಮರುರಾತ್ರಿ ಸರಪಳಿ ಎಳೆದೆವು.
ಡಬ್ಬಗಳು ಹೊಗೆಯಾಡುತ್ತ ಮೇಲೆದ್ದವು,
ನೀರಿನಲ್ಲಿ ಅದ್ದಿ ಮಗುಚಿದರೆ ಜಾರಿ ಬೀಳುವ ಗಡ್ಡೆಗಳು.
ಹದಿನೇಳನೆಯದರಲ್ಲಿ, ನಟ್ಟನಡುವೆ,
ಗಾಜು ಮುಗಿದು ಸುಣ್ಣದ ಬಿಳಿ ಶುರುವಾಗುವಲ್ಲಿ
ಒಂದು ಮಡಂಜಿ ಮರಿ.
ಬೆರಳುದ್ದ. ಬಾಯಿ ತೆರೆದೇ ಇತ್ತು.
ಬಾಯಿಂದ ಹೊರಟ ಒಂದು ಗುಳ್ಳೆ
ಅರ್ಧ ಅಂಗುಲ ಹೋಗಿ ನಿಂತಿತ್ತು.

ಯಮನಪ್ಪ ಬೂತಾಯಿಯ ಕ್ರೇಟು ಬೋರಲು ಹಾಕಿ ಕೂತ.
ಉಳಿ ಹಿಡಿದು ಕೊರೆಯತೊಡಗಿದ, ಮೆಲ್ಲಗೆ,
ಮಲಗಿದವರ ಮನೆಯ ಬಾಗಿಲು ತಟ್ಟುವಂತೆ.
ಅತ್ತ ಕ್ರಷರು ಖಾಲಿ ಹಲ್ಲು ಕಡಿಯುತ್ತಿತ್ತು.
ದಕ್ಕೆಗೆ ಕಟ್ಟಿದ ಬೋಟಿನಿಂದ ತುಳುವಿನಲ್ಲಿ ಬೈಗುಳ,
ಅವನಿಗೆ ಅರ್ಥವಾಗದ್ದು ಒಳ್ಳೆಯದೇ ಆಯಿತು.
"ಸತ್ತಿದೆ ಅದು," ಅಂದೆ.
"ಗೊತ್ತೈತ್ರಿ."
ಮತ್ತೂ ಕೊರೆದ.

ಕಡೆಗೆ ತಾಂಡೇಲ ವಾಮನ ತಿಂಗಳಾಯರೇ ಇಳಿದು ಬಂದರು,
ಬಯ್ಯಲೆಂದು ತೆರೆದ ಬಾಯಿ ಹಾಗೇ ಇಟ್ಟುಕೊಂಡು
ಟಾರ್ಚು ಹಾಕಿ ನೋಡಿದರು. ಒಳಗಿನ ಬಾಯಿಯೂ ತೆರೆದೇ ಇತ್ತು.
"ಇದನ್ನು ಪುಡಿ ಮಾಡುವುದು ಬೇಡ," ಅಂದರು, "ಹಾಗೇ ಅಡಿಗೆ ಇಡಿ."
ಶಕುನವೋ, ಹೊತ್ತಾಯಿತೆಂಬ ಗಡಿಬಿಡಿಯೋ,
ನಾನು ಕೇಳಲಿಲ್ಲ.
ಗಡ್ಡೆ ಹಲಗೆಯ ಮೇಲೆ ಜಾರಿ ಬೋಟಿನ ಹೊಟ್ಟೆ ಸೇರಿತು.
ಕೆರೆಯ ಮೀನು ಸಮುದ್ರಕ್ಕೆ ಹೊರಟಿತು,
ನೀರು ಮುಟ್ಟದೆ.

ಹನ್ನೊಂದನೇ ದಿನ ಬೋಟು ಬಂತು. ಅಂಥಾ ಮೀನಿಲ್ಲ,
ಅಂಥಾ ನಷ್ಟವೂ ಇಲ್ಲ.
ಜಲಜಕ್ಕ ಕುಕ್ಕರಗಾಲಲ್ಲಿ ಕೂತು ಬಂಗುಡೆ ಹೆಕ್ಕುತ್ತಿದ್ದವಳು
ಒಂದನ್ನು ಎತ್ತಿ, ತಿರುಗಿಸಿ, ಮೂಸಿದಳು.
ನಲವತ್ತು ವರ್ಷ ಮೀನು ಮಾರಿದ ಮೂಗು ಅದು.
"ಇದು ನಮ್ಮದಲ್ಲ. ಯಾವ ಕೆರೆಯದ್ದಾ ಇದು?"

ಯಮನಪ್ಪ ಲುಂಗಿಗೆ ಕೈ ಒರೆಸಿಕೊಂಡ.
ಕೊಪ್ಪಳದ ಆಚೆಗಿನ ತನ್ನೂರ ಕೆರೆಯ ಹೆಸರು ಹೇಳಿದ,
ಒಮ್ಮೆ ಹೇಳಿ, ಅವಳಿಗೆ ತಿಳಿಯಲಿಲ್ಲವೆಂದು
ಇನ್ನೊಮ್ಮೆ, ಬಿಡಿಸಿ ಬಿಡಿಸಿ.

ಟ್ಯಾಂಕರ್ ಎಲ್ಲಿಂದ ಬಂದದ್ದೆಂದು ನನಗೆ ಗೊತ್ತಿತ್ತು.
ರಶೀದಿ ನನ್ನ ಕಿಸೆಯಲ್ಲೇ ಇತ್ತು.