ತಪ್ಪು ಹೆಸರು

ಶಿಡ್ಲಘಟ್ಟದ ರೀಲರುಗಳ ಸೊಸೈಟಿಯಲ್ಲಿ
ಮೆಟ್ಟಿಲ ಕೆಳಗಿನ ಸಂದಿಯೊಳಗೆ ಸರ್ವರು.
ಪಕ್ಕಕ್ಕೆ ಹಳೇ ತಕ್ಕಡಿ, ತಳ ಒಡೆದ ಬಾಣಲೆ,
ಬೆಂದ ಹುಳುವಿನ ವಾಸನೆ ಅದರ ಫ್ಯಾನಿನೊಳಗೂ.
ವರ್ಷಕ್ಕೆರಡು ಸಲ ಬಿಚ್ಚಿ ಒರೆಸುತ್ತೇನೆ,
ಎಳೆ ಸಿಗುತ್ತದೆ, ಒಂದೆರಡು ಮಾರು,
ಯಾರ ಒಲೆಯದೋ.

ಮುಂದಿನ ಕೋಣೆಯಲ್ಲಿ ಎಲ್ಲರಿಗೂ ಒಂದೇ ಕಂಪ್ಯೂಟರು.
ಬಂದವರು ಹೆಸರು ಒತ್ತಬೇಕು, ಗುಟ್ಟಿನ ಪದ ಒತ್ತಬೇಕು,
ಬಾಗಿಲು ತೆರೆಯುತ್ತದೆ.
ಒಳಗೆ ಯಾರಿಗೆ ಎಷ್ಟು ಗೂಡು, ಯಾವ ದರಕ್ಕೆ,
ಯಾರ ಬಾಕಿ ಎಷ್ಟು.

ಆಷಾಢದ ಒಂದು ಬುಧವಾರ
ಬಾಬಾಜಾನ್ ಸಾಬರ ಹೆಸರಲ್ಲಿ
ನಲವತ್ತೊಂದನೇ ಲಾಟಿಗೆ ಯಾರೋ
ಕಿಲೋಗೆ ಹದಿನೆಂಟು ರೂಪಾಯಿ ಜಾಸ್ತಿ ಬರೆದಿದ್ದರು.
ಸಾಬರು ಆ ಹೊತ್ತಿಗೆ ಚಿಂತಾಮಣಿಯಲ್ಲಿ
ದವಡೆ ಹಲ್ಲು ಕೀಳಿಸಿಕೊಳ್ಳುತ್ತಿದ್ದರು.
ಮಾರನೇ ದಿನ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಬಂದರು:
"ಗಂಗರತ್ನಮ್ಮ, ನಾನು ಹೋಗಿಬಿಟ್ಟಿದ್ದೆ.
ಸೋಮವಾರವೇ ಹೋಗಿಬಿಟ್ಟಿದ್ದೆ."

ಇಲ್ಲ ಸಾಬ್, ನೀವು ಹೋಗಿರಲಿಲ್ಲ.
ಎದ್ದಿರಿ, ಚಪ್ಪಲಿ ಮೆಟ್ಟಿದಿರಿ, ಅಷ್ಟೆ.
ಒಮ್ಮೆ ಹೇಳಿದ ಹೆಸರನ್ನು ಬ್ರೌಸರು
ದವಡೆಯಲ್ಲಿ ಇಟ್ಟುಕೊಂಡುಬಿಡುತ್ತದೆ.
ಆಮೇಲೆ ಪ್ರತಿ ಪುಟಕ್ಕೂ, ಪುಟದ ಪ್ರತಿ ಚಿತ್ರಕ್ಕೂ,
ಯಾರ ಬೆರಳು ಒತ್ತಿದರೂ,
ಬಾಬಾಜಾನ್, ಬಾಬಾಜಾನ್ ಅನ್ನುತ್ತಲೇ ಇರುತ್ತದೆ.
ಬೆನ್ನಿಗೇ ನಿಮ್ಮ ಗುಟ್ಟನ್ನೂ ಉಸುರುತ್ತದೆ,
ಅಕ್ಷರ ಚೂರು ತಿರುಚಿ.
ಸರ್ವರಿಗೆ ನೆನಪು ಅನ್ನೋದಿಲ್ಲ.
ಪ್ರತಿ ಸಲ ಹೊಸದಾಗಿ ಕೇಳುತ್ತದೆ,
ಪ್ರತಿ ಸಲ ಹೊಸದಾಗಿ ನಂಬುತ್ತದೆ.

"ಹಂಗಾದ್ರೆ ಹೊರಗೆ ಹೋಗೋ ಬಾಗಿಲು?"
ಕಟ್ಟಿದವರು ಇಟ್ಟಿಲ್ಲ, ಅಂದೆ.

ಸಾಬರು ನಗಲು ಹೋಗಿ ಕೆನ್ನೆ ಹಿಡಿದುಕೊಂಡರು.
"ನಮ್ಮ ಕಸುಬೂ ಅದೇ ತಾನೇ.
ತೂತು ಬಿದ್ದ ಗೂಡಿಗೆ ರೇಟಿಲ್ಲ.
ಒಳಗಿರೋದು ಹೊರಗೆ ಹೋಯ್ತು ಅಂದ್ರೆ
ಎಳೆಯೆಲ್ಲ ತುಂಡು ತುಂಡು."

ಆ ರಾತ್ರಿ ಕೂತು ಒಂದು ನಿಯಮ ಬರೆದೆ.
'ಹೊರ' ಎಂದು ಕೇಳಿ ಬಂದವರ ದಾರಿಯನ್ನು
ಯಾರಿಗೂ ತೆರೆಯದ ಕೋಣೆಯೊಂದಕ್ಕೆ ತಿರುಗಿಸು.
ಹೋಗುವಾಗ ಅವರ ಕೈಗೊಂದು ಸುಳ್ಳು ಹೆಸರು ಕೊಡು.
ಬಾಗಿಲು ಒಪ್ಪುವುದಿಲ್ಲ,
ನಾನೂರ ಒಂದು, ನೀನು ಯಾರು, ಅನ್ನುತ್ತದೆ.
ಬ್ರೌಸರು ತಬ್ಬಿಬ್ಬಾಗಿ
ದವಡೆಯಲ್ಲಿದ್ದ ನಿಜದ ಹೆಸರನ್ನು ಉಗುಳುತ್ತದೆ.
ಬಿಡುಗಡೆ ಅಂದರೆ ಇಷ್ಟೇ,
ತಪ್ಪು ಹೆಸರು ಹೇಳಿ ಬೈಸಿಕೊಳ್ಳುವುದು.

ಬೆಳಿಗ್ಗೆ ಗಲಾಟೆ.
'ಹೊರಬಾಕಿ' ಪುಟ ಒತ್ತಿದವರೆಲ್ಲ ಆಚೆ ಬಿದ್ದಿದ್ದರು.
ಅದೂ 'ಹೊರ' ಎಂದೇ ಶುರುವಾಗುತ್ತದಲ್ಲ,
ನಿಯಮ ಅಲ್ಲಿಗೇ ಕತ್ತು ಹಿಡಿದು ನೂಕುತ್ತಿತ್ತು.
ಸಾಲ ನೋಡಲು ಹೋದವರಿಗೆ ಸಾಲವೇ ಕಾಣದೆ
ತೂಕದ ಪಿಳ್ಳಣ್ಣ, "ಹಿಂಗೇ ಇರಲಿ ಬಿಡಮ್ಮ" ಅಂದ.
ಕಾರ್ಯದರ್ಶಿ ಬಚ್ಚರೆಡ್ಡಿ ಮಾತ್ರ ನಗಲಿಲ್ಲ.
ಪದದ ಕೊನೆಗೆ ಒಂದು ಡಾಲರ್ ಗುರುತು ಹಾಕಿದೆ,
ದುಡ್ಡಿಗಲ್ಲ,
ಮಾತು ಇಲ್ಲಿಗೆ ಮುಗಿಯಿತು ಅನ್ನುವುದಕ್ಕೆ.

ಸಾಬರನ್ನು ಕೂರಿಸಿ ತೋರಿಸಿದೆ.
ಒಳಗೆ ಹೋದರು. 'ಹೊರ' ಒತ್ತಿದರು.
ಖಾಲಿ ಚೌಕ ಬಂತು, ಹೆಸರು ಕೇಳುತ್ತಾ,
ಅರವತ್ತು ವರ್ಷದಿಂದ ಈ ಊರಲ್ಲಿ
ಯಾರೂ ಕೇಳದ ಹೆಸರು.
ಮತ್ತೆ ಒಳಗೆ ಹೋದರು, ಮತ್ತೆ ಹೊರಗೆ.
ಮೂರನೇ ಸಲಕ್ಕೆ ಪಿಳ್ಳಣ್ಣ,
"ಸಾಬ್, ನನ್ನ ಪಾಳಿ" ಅಂದ.

ಹದಿನೆಂಟು ರೂಪಾಯಿ ಬರೆದ ಬೆರಳು ಯಾರದೋ
ತಿಳಿಯಲೇ ಇಲ್ಲ. ದಾಖಲೆಯಲ್ಲಿ
ಹುಡುಕಿದಷ್ಟೂ ಸಾಲಿಗೆ ಅವರೊಬ್ಬರೇ.
ಆ ಲಾಟನ್ನು ಕೊನೆಗೆ ಸಾಬರೇ ಎತ್ತಿದರು.
ಎಳೆ ಚೆನ್ನಾಗಿ ಬಂತಂತೆ.